ಮೂಗಿನ ನೆರಳು

ಹಲ್ಲುನೋವು ಶುರುವಾದರೆ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ಡಾಕ್ಟರಲ್ಲ, ಲವಂಗ. ಮೊನ್ನೆ ಬೆಳಗ್ಗೆ ಕೆನ್ನೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಸಾಸಿವೆ ಜೀರಿಗೆಗಳ ಹಿಂದಿನ ಸಾಲಿಗೆ ಕೈ ಹಾಕಿದೆ. ಹೆಬ್ಬೆರಳುದ್ದದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು, ಬೂದು ಮುಚ್ಚಳದ್ದು. ನಿಮಗೆ ನಲವತ್ತು ದಾಟಿದ್ದರೆ ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದಿರಬೇಕು. ಹಿಂದೆ ಕ್ಯಾಮೆರಾದ ರೀಲು ಬರುತ್ತಿದ್ದ ಡಬ್ಬಿ ಅದು. ರೀಲು ತೀರಿದ ಮೇಲೆ ಏಲಕ್ಕಿಯೋ ಲವಂಗವೋ ಮಗುವಿನ ಕಿವಿಯೋಲೆಯೋ ಅದರೊಳಗೆ ಸಂಸಾರ ಹೂಡುತ್ತಿದ್ದವು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಮೇಲೆ ಲವಂಗದ ಘಾಟು, ಅಡಿಯಲ್ಲಿ ರೀಲಿನ ಹುಳಿಹುಳಿ ವಾಸನೆ. ಇಷ್ಟು ವರ್ಷವಾದ ಮೇಲೂ ಅದು ಉಳಿದಿದೆ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. "ನಿಮಗೆ ನೋವಿರೋದು ಹಲ್ಲಲ್ಲೋ ಮೂಗಲ್ಲೋ?" ಎಂದು ಕೇಳಿದಳು.

ಅದೇ ಗಳಿಗೆಗೆ ಫೋನ್ ಬಂತು ಎಂದು ಬರೆದರೆ ನಾನು ಕಥೆ ಕಟ್ಟುತ್ತಿದ್ದೇನೆ ಅನ್ನುತ್ತೀರಿ. ಅದೇ ಗಳಿಗೆಗಲ್ಲ, ಸಂಜೆ ಬಂತು. ಮಗ್ಗೆಯಿಂದ ಸುಮಿತ್ರಕ್ಕ. ನನ್ನ ದೊಡ್ಡಪ್ಪನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು.

"ಲೋ, ಭಾನುವಾರ ಬಾ. ನಮ್ಮ ಚೈತ್ರಂಗೆ ಒಂದು ಸಂಬಂಧ ಬಂದೈತೆ. ಫೋಟೋ ಕಳಿಸ್ಬೇಕು. ನೀನೇ ಬಂದು ತೆಗೀಬೇಕು ಕಣೋ."

ಚೈತ್ರ ಅವಳ ಮಗಳು. ಆ "ನೀನೇ" ಎಂಬ ಮಾತು ಕೇಳಿ ನನ್ನ ನೋವು ದವಡೆಯಿಂದ ಎದೆಗಿಳಿಯಿತು. ಯಾಕೆಂದರೆ ಇಪ್ಪತ್ತೇಳು ವರ್ಷದ ಹಿಂದೆ ಮದುವೆಗೆಂದು ಸುಮಿತ್ರಕ್ಕನ ಫೋಟೋ ತೆಗೆದವನೂ ನಾನೇ. ಆ ಸಂಬಂಧವನ್ನು ಕೆಡಿಸಿದವನೂ ನಾನೇ. ಎರಡನೆಯ ಸಂಗತಿ ನನ್ನನ್ನು ಬಿಟ್ಟು ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹಾಗೆಂದು ನಂಬಿಕೊಂಡಿದ್ದೆ.

ಆಗ ನಾನು ಸಕಲೇಶಪುರದಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಬೆಳಗೋಡಿನ ಹತ್ತಿರ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹುಡುಗರು ಶನಿವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಕಾಲ ಕಳೆಯುತ್ತಾರೆಂಬ ಚಿಂತೆಗೆ ನಮ್ಮ ಪ್ರಿನ್ಸಿಪಾಲರು ಕಂಡುಕೊಂಡ ಮದ್ದು ಫೋಟೋಗ್ರಫಿ ತರಗತಿ. ಸೇರಿದವರು ಹನ್ನೊಂದು ಜನ. ಇದ್ದದ್ದು ಒಂದೇ ಕ್ಯಾಮೆರಾ, ಅದೂ ಪಾಠ ಹೇಳಲು ಬರುತ್ತಿದ್ದ ನಂಜುಂಡಪ್ಪನವರದು. ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಗಂಜಿ ಹಾಕಿದ ಬಿಳಿ ಅಂಗಿ. ಉಗುರುಗಳು ಮಾತ್ರ ಫೋಟೋ ತೊಳೆಯುವ ಔಷಧಿಯಲ್ಲಿ ನೆನೆದು ಕಂದುಬಣ್ಣಕ್ಕೆ ತಿರುಗಿದ್ದವು. ಕ್ಯಾಮೆರಾವನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಅದರ ಪಟ್ಟಿಯನ್ನು ತಾವೇ ನಮ್ಮ ಕೊರಳಿಗೆ ಹಾಕಿ, ಎಳೆದು ನೋಡಿ, ಆಮೇಲೆ ಕೈ ಬಿಡುತ್ತಿದ್ದರು. "ಮೊದ್ಲು ಕೊರಳಿಗೆ, ಆಮೇಲೆ ಕೈಗೆ" ಎನ್ನುತ್ತಿದ್ದರು. ಆ ಗಾಂಭೀರ್ಯ ನೋಡಿದರೆ ತಾಳಿ ಕಟ್ಟಿಸಿಕೊಂಡಂತೆಯೇ ಆಗುತ್ತಿತ್ತು.

ಮೊದಲ ಆರು ವಾರ ರೀಲೇ ಇಲ್ಲದ ಕ್ಯಾಮೆರಾದಲ್ಲಿ ಫೋಟೋ ತೆಗೆಸಿದರು. ನಗಬೇಡಿ, ನಾವು ಅದನ್ನೂ ಶ್ರದ್ಧೆಯಿಂದಲೇ ತೆಗೆದೆವು. "ಕ್ಯಾಮೆರಾ ಕತ್ತೆ ಇದ್ದಂಗೆ ಕಣ್ರೋ. ಹೇರಿದ್ದು ಹೊರುತ್ತೆ. ಏನು ಹೇರ್ಬೇಕು ಅನ್ನೋ ಬುದ್ಧಿ ಅದಕ್ಕಿಲ್ಲ, ನಿಮಗಿರ್ಬೇಕು" ಎನ್ನುವರು. ಅವರ ಮುಖ್ಯ ಪಾಠ ಮೂಗಿನದು. "ಮುಖ ತೆಗೆಯೋವಾಗ ಮೂಗು ನೋಡ್ಬೇಡಿ, ಮೂಗಿನ ನೆರಳು ನೋಡಿ. ನೆರಳು ತುಟಿಗೆ ತಾಗಿದ್ರೆ ಮೀಸೆ ಬಂದಂಗೆ ಕಾಣ್ತದೆ. ಕೆನ್ನೆ ಮೇಲೆ ಚೂರು ಓರೆಗೆ ಬಿದ್ರೆ ಮುಖಕ್ಕೆ ಜೀವ ಬಂತು ಅನ್ನಿ." ಬೆಳಕು ಎಲ್ಲಿಂದ ಬರುತ್ತಿದೆ, ಹೊತ್ತೆಷ್ಟು, ಮುಖ ಎತ್ತ ತಿರುಗಿದೆ ಎಂಬುದೆಲ್ಲ ಆ ಒಂದು ನೆರಳಿನಲ್ಲೇ ತಿಳಿಯುತ್ತದೆ ಎಂಬುದು ಅವರ ಸಿದ್ಧಾಂತ. ನನಗೆ ಅದು ಎಷ್ಟು ತಲೆಗೇರಿತೆಂದರೆ, ಬಸ್ಸಿನಲ್ಲಿ ಎದುರು ಸೀಟಿನವರ ಮೂಗುಗಳನ್ನೇ ನೋಡುತ್ತ ಕೂರುತ್ತಿದ್ದೆ. ಕಂಡಕ್ಟರೊಬ್ಬ ಒಂದು ದಿನ ಮೂಗೊರೆಸಿಕೊಂಡು, "ಏನ್ ಮಾರಾಯ, ಆವಾಗಿಂದ ನೋಡ್ತಿದೀಯ, ಏನಾದ್ರೂ ಅಂಟ್ಕಂಡೈತಾ?" ಎಂದು ಕೇಳಿದ.

ಏಳನೇ ವಾರ ಕ್ಯಾಮೆರಾಕ್ಕೆ ರೀಲು ಬಂತು. ಒಬ್ಬೊಬ್ಬರೂ ಸರದಿಯಂತೆ ಕ್ಯಾಮೆರಾ ಮನೆಗೆ ಒಯ್ಯಬೇಕು, ತಲೆಗೆ ನಾಲ್ಕೇ ನಾಲ್ಕು ಫೋಟೋ. ಕೆಲಸ ಮಾಡುತ್ತಿರುವ ಒಬ್ಬರ ಮುಖ ತೆಗೆದುಕೊಂಡು ಬರಬೇಕು, ತೆಗೆಯುತ್ತಿರುವುದು ಅವರಿಗೆ ಗೊತ್ತಾಗಬಾರದು. ಅದು ಪರೀಕ್ಷೆ.

ನನ್ನ ಸರದಿ ಬಂದದ್ದು ಜನವರಿಯಲ್ಲಿ. ಕೊರಳಲ್ಲಿ ಕ್ಯಾಮೆರಾ ನೇತು ಹಾಕಿಕೊಂಡು ಅಂಗಳಕ್ಕೆ ಕಾಲಿಟ್ಟದ್ದೇ ತಡ, ದೊಡ್ಡಮ್ಮ, "ಹೆಂಗೂ ಮನೆಗೇ ಬಂದೈತಲ್ಲ, ನಮ್ಮ ಸುಮಿತ್ರಂದೂ ಒಂದು ತೆಗ್ದುಬುಡು ಮಗ" ಎಂದರು. ಹಾಸನದ ಹತ್ತಿರದ ದೊಡ್ಡ ಮನೆಯೊಂದರಿಂದ ಜಾತಕ, ಫೋಟೋ ಕೇಳಿದ್ದರು. ಮಹಡಿ ಮನೆ, ರಸ್ತೆಗೇ ಅಂಟಿಕೊಂಡ ಅಂಗಡಿ. ಒಲ್ಲೆ ಎನ್ನಲು ನನಗೇನು ಧೈರ್ಯ? ಅವರ ಮನೆಯ ಅನ್ನ ತಿನ್ನುತ್ತಿದ್ದೆ. ನಾಲ್ಕರಲ್ಲಿ ಎರಡು ಮದುವೆಗೆ, ಎರಡು ಪರೀಕ್ಷೆಗೆ ಎಂದು ಭಾಗ ಮಾಡಿದೆ.

ಬೆಳಗ್ಗೆ ಮದುವೆಯ ಫೋಟೋ. ದೊಡ್ಡಮ್ಮ ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಮುಖಕ್ಕೆ ಪೌಡರು ಬಳಿದು, ಕ್ರೋಟನ್ ಗಿಡದ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಸುಮಿತ್ರಕ್ಕ ಮಂಗಳಾರತಿಗೆ ಕಾದ ದೇವರ ಹಾಗೆ ಅಲ್ಲಾಡದೆ ಕೂತಿದ್ದಳು. ಒಂದರಲ್ಲಿ ಕಣ್ಣು ಮುಚ್ಚಿದಳು, ಇನ್ನೊಂದು ಚೆನ್ನಾಗಿ ಬಂತು.

ಸಂಜೆ ನಾಲ್ಕೂವರೆಗೆ ಕಾಫಿ ಕಣದಲ್ಲಿ ಪರೀಕ್ಷೆಯ ಫೋಟೋ. ಅವಳು ಸೀರೆ ಬಿಚ್ಚಿ, ಲಂಗದ ಮೇಲೆ ದೊಡ್ಡಪ್ಪನ ಹಳೇ ಅಂಗಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಒಣಗಲು ಹರಡಿದ ಹಣ್ಣಿನ ಮೇಲೆ ಕಾಲೆಳೆಯುತ್ತ ಸಾಲು ಮಾಡಿ ಕಾಫಿ ತಿರುವುತ್ತಿದ್ದಳು. ನಾನು ಹುಲ್ಲಿನ ಮೆದೆಯ ಹಿಂದೆ ಕಳ್ಳನ ಹಾಗೆ ಅಡಗಿ ಕೂತೆ. ಮೊದಲನೆಯದರಲ್ಲಿ ಮೆದೆಯ ಹುಲ್ಲೇ ಅಡ್ಡ ಬಂತು. ಕೊನೆಯದಕ್ಕೆ ಕಾಯುತ್ತಿದ್ದಾಗ ಕರುವೊಂದು ಕಣಕ್ಕೆ ನುಗ್ಗಿತು. ಸುಮಿತ್ರಕ್ಕ ಸೊಂಟದ ಮೇಲೆ ಕೈಯಿಟ್ಟು, ಒಂದು ಹುಬ್ಬು ಏರಿಸಿ, ಬಾಯಿ ತುಂಬ ಗದರಿದಳು. ಮೂಗಿನ ನೆರಳು ಕೆನ್ನೆಯ ಮೇಲೆ ಓರೆಗೆ, ಹೇಳಿ ಮಾಡಿಸಿದ ಹಾಗೆ ಬಿದ್ದಿತ್ತು. ಒತ್ತಿದೆ.

ಬುಧವಾರ ನಂಜುಂಡಪ್ಪನವರು ಎರಡು ಫೋಟೋ ತೊಳೆದು, ಎರಡು ಕಂದು ಕವರಿನಲ್ಲಿಟ್ಟು, ಮೇಲೆ ಒಂದಕ್ಕೆ 'ಮದುವೆ', ಇನ್ನೊಂದಕ್ಕೆ 'ಕ್ಲಾಸು' ಎಂದು ಬರೆದು ಕೊಟ್ಟರು. "ಸೀರೇದು ಸರಿಯಾಗಿ ಬಂದೈತೆ. ಇನ್ನೊಂದನ್ನ ಶನಿವಾರ ಕ್ಲಾಸಿಗೆ ತಗೊಂಬಾ, ಮಾತಾಡೋದೈತೆ" ಎಂದರು. ಮನೆಯಲ್ಲಿ ಎರಡೂ ಫೋಟೋ ಕೈಯಿಂದ ಕೈಗೆ ತಿರುಗಿದವು. ಸೀರೆಯದನ್ನು ನೋಡಿ ದೊಡ್ಡಮ್ಮನಿಗೆ ಕಣ್ಣಲ್ಲಿ ನೀರು. ಕಣದ್ದನ್ನು ನೋಡಿ, "ಥೂ, ಗಂಡುಬೀರಿ ಹಂಗೆ ಕಾಣ್ತಾಳೆ, ಇದನ್ನ ಯಾರ ಕಣ್ಣಿಗೂ ಬೀಳಿಸ್ಬ್ಯಾಡ" ಎಂದರು. ಸುಮಿತ್ರಕ್ಕ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ನನ್ನ ಕೈಗೆ ಕೊಟ್ಟಳು. ನಾನೇ ಎರಡನ್ನೂ ಕವರಿಗೆ ಹಾಕಿ, ಗೋಡೆಯ ಗೂಡಿನಲ್ಲಿಟ್ಟು ಮಲಗಿದೆ.

ಮರುದಿನ ಬೆಳಗ್ಗೆ ದೊಡ್ಡಮ್ಮ ಮದುವೆಯ ಕವರನ್ನು ಅಂಟಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಜಾತಕದ ಜೊತೆ ದೇವರ ಮುಂದಿಟ್ಟರು. ನಮ್ಮ ಕಡೆ ಅರಿಶಿನ ಹಚ್ಚಿದ ಕವರನ್ನು ಹೆಣ್ಣಿನ ಮನೆಯವರು ಮತ್ತೆ ಬಿಚ್ಚುವಂತಿಲ್ಲ, ಬಿಚ್ಚಿದರೆ ಶುಭವಲ್ಲ. ಹಾಗಾಗಿ ಅದು ಬಿಚ್ಚದೆಯೇ, ಸಂಬಂಧ ತಂದಿದ್ದ ನೆಂಟರಾದ ನಿಂಗೇಗೌಡರ ಕೈ ಸೇರಿ ಬಸ್ಸು ಹತ್ತಿತು.

ಶನಿವಾರ ತರಗತಿಯಲ್ಲಿ ಠೀವಿಯಿಂದ ಎದ್ದು ನಿಂತು ನನ್ನ ಕವರು ತೆರೆದೆ. ಒಳಗಿಂದ ರೇಷ್ಮೆ ಸೀರೆ ಉಟ್ಟ ಸುಮಿತ್ರಕ್ಕ ಬಂದಳು, ಹಿಂದೆ ಕ್ರೋಟನ್ ಗಿಡ.

ಇದು ಇಲ್ಲಿದ್ದರೆ ಅಪ್ಪನ ಅಂಗಿ ಹಾಕಿಕೊಂಡು ಕರುವನ್ನು ಗದರುವವಳು ಮಹಡಿ ಮನೆಯವರ ಜಗಲಿಯಲ್ಲಿದ್ದಾಳೆ. ಕವರು ಅದಲುಬದಲು ಮಾಡಿಬಿಟ್ಟಿದ್ದೆ! "ಅದಲ್ಲ ಕಣೋ, ಇನ್ನೊಂದೆಲ್ಲಿ?" ಎಂದು ನಂಜುಂಡಪ್ಪನವರು ಕೇಳಿದರು. ಮನೆಯಲ್ಲಿ ಮರೆತೆ ಸರ್ ಎಂದು ತೊದಲಿದೆ. ಅವರು, "ಅದರಾಗೆ ಒಂದು ವಿಷಯ ಐತೆ. ನೀನು ನೋಡ್ದಂಗಿಲ್ಲ. ನೋಡಿದ ದಿನ ಬಂದು ಹೇಳು" ಎಂದರು. ಏನು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹತ್ತು ದಿನಕ್ಕೆ ನಿಂಗೇಗೌಡರು ಸುದ್ದಿ ತಂದರು, ಜಾತಕ ಕೂಡಿಬರಲಿಲ್ಲವಂತೆ. ಜಾತಕ ಯಾವಾಗ ಕೂಡಿಬರುವುದಿಲ್ಲ ಎಂಬುದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ದೊಡ್ಡಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡುವುದಿರಲಿ, ಸಾಕ್ಷಿ ನಾಶ ಮಾಡುವ ಯೋಚನೆ ಬಂತು. ಸೀರೆಯ ಫೋಟೋವನ್ನು ಹೇಮಾವತಿಯ ಸೇತುವೆಗೆ ಒಯ್ದು ಕೆಳಗೆ ಬಿಟ್ಟೆ. ಜನವರಿಯ ಹೊಳೆ, ನೀರು ಅರ್ಧಕ್ಕರ್ಧ ಇಳಿದಿತ್ತು. ಫೋಟೋ ಒಂದು ಬಂಡೆಯ ಮೇಲೆ ಅಂಗಾತ ಬಿತ್ತು. ಒಂದು ವಾರ ದಿನವೂ ಸೇತುವೆಗೆ ಹೋಗಿ ಇಣುಕಿದೆ. ಒಂದು ವಾರವೂ ಅವಳು ಅಲ್ಲೇ ಮುಗುಳ್ನಗುತ್ತ ಕೂತಿದ್ದಳು. ಆಮೇಲೆ ಗಾಳಿಗೋ ದನದ ಕಾಲಿಗೋ ಸಿಕ್ಕಿ ಮಾಯವಾದಳು.

ಮುಂದಿನ ವರ್ಷ ಸುಮಿತ್ರಕ್ಕನಿಗೆ ಮಗ್ಗೆಯಲ್ಲಿ ಮದುವೆಯಾಯಿತು. ಮೂರೆಕರೆ ಗದ್ದೆ, ತುಣುಕು ತೋಟ, ಎರಡು ಎಮ್ಮೆ. ಗಂಡ ಪುಟ್ಟಸ್ವಾಮಣ್ಣ ಒಳ್ಳೆಯ ಮನುಷ್ಯ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೂ ಹೋದಾಗಲೆಲ್ಲ ಅವಳು ಹುಲ್ಲಿನ ಹೊರೆ ಹೊತ್ತು ಬರುವುದು ಕಂಡರೆ ಮಹಡಿ ಮನೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಹಾಸನದ ರಸ್ತೆಯಲ್ಲಿ ಆ ಮನೆ ಇವತ್ತಿಗೂ ಇದೆ. ಬಸ್ಸು ಅಲ್ಲಿಗೆ ಬಂದಾಗ ನಾನು ಆಚೆ ಬದಿಗೆ ತಿರುಗಿ ಕೂರುತ್ತೇನೆ. ಫೋಟೋ ತೆಗೆಯುವುದನ್ನು ಆ ವರ್ಷವೇ ಬಿಟ್ಟೆ. ತೊಳೆಯುವ ಔಷಧಿಯ ಮೇಲೆ ಮಾತ್ರ ಮೋಹ ಉಳಿದು ಕೆಮಿಸ್ಟ್ರಿ ಓದಿದೆ, ಈಗ ಹಾಸನದಲ್ಲಿ ಪಿಯು ಹುಡುಗರಿಗೆ ಅದನ್ನೇ ಹೇಳಿ ಹೊಟ್ಟೆ ಹೊರೆಯುತ್ತಿದ್ದೇನೆ. ನನ್ನ ಮದುವೆಯ ಆಲ್ಬಮ್ಮಿನ ಬಹುಪಾಲು ಫೋಟೋಗಳಲ್ಲಿ ನಾನು ಪಕ್ಕಕ್ಕೆ ನೋಡುತ್ತಿದ್ದೇನೆ. ಫೋಟೋದವನು ಯಾವ ಕವರಿಗೆ ಯಾವುದನ್ನು ಹಾಕುತ್ತಾನೋ ಎಂಬ ಭಯ.

ಅಂತೂ ಭಾನುವಾರ ಬಾಯಲ್ಲಿ ಲವಂಗ ಒತ್ತಿಕೊಂಡು ಬಸ್ಸು ಹತ್ತಿದೆ. ಈ ಸಲ ಹೇಳಿಯೇ ಬಿಡಬೇಕೆಂದು ನಿಶ್ಚಯಿಸಿದ್ದೆ. ತಾಯಿಯ ಫೋಟೋ ಕೆಡಿಸಿದವನು ಬಾಯಿ ಮುಚ್ಚಿಕೊಂಡು ಮಗಳ ಫೋಟೋವನ್ನೂ ತೆಗೆಯುವುದು ಯಾವ ನ್ಯಾಯ?

ಮಗ್ಗೆಯಲ್ಲಿ ಸುಮಿತ್ರಕ್ಕ ಜಗಲಿಯಲ್ಲಿ ಕೂತು ಹಿತಕವರೆ ಮಾಡುತ್ತಿದ್ದಳು. ಗೊತ್ತಲ್ಲ, ಅವರೆಕಾಳು ನೆನೆಸಿ, ಒಂದೊಂದನ್ನೇ ಬೆರಳ ತುದಿಯಲ್ಲಿ ಹಿತುಕಿ ಸಿಪ್ಪೆ ಬಿಡಿಸುವುದು. ಚೈತ್ರ ಆಲೂರಿನ ಹೈಸ್ಕೂಲಿನಲ್ಲಿ ಲೆಕ್ಕ ಹೇಳುತ್ತಾಳೆ, ಒಳಗೆ ಕೂತು ಪೇಪರು ತಿದ್ದುತ್ತಿದ್ದಳು. ಪುಟ್ಟಸ್ವಾಮಣ್ಣ ಗದ್ದೆಗೆ ಹೋಗಿದ್ದರು. ಸಮಯ ಸರಿಯಾಗಿತ್ತು. ನಾನೂ ಒಂದು ಹಿಡಿ ಕಾಳು ತೆಗೆದುಕೊಂಡು ಕೂತೆ.

"ಅಕ್ಕಾ, ಒಂದು ಮಾತು ಹೇಳ್ಬೇಕು."

"ಹೇಳು."

"ಆ ಹಾಸನದ ಸಂಬಂಧ ಇತ್ತಲ್ಲ, ಮಹಡಿ ಮನೆಯವರದ್ದು. ಅದು ಜಾತಕದಿಂದ ತಪ್ಪಿದ್ದಲ್ಲ. ನಾನು ಕವರು ಅದಲುಬದಲು ಮಾಡ್ಬಿಟ್ಟಿದ್ದೆ. ಅವರಿಗೆ ಹೋಗಿದ್ದು ಕಣದ ಫೋಟೋ."

ಹೇಳುವ ಭರಕ್ಕೆ ನನ್ನ ಬೆರಳಿನ ಕಾಳು ಚಿಮ್ಮಿ ಗೋಡೆಗೆ ಬಡಿಯಿತು. ಸುಮಿತ್ರಕ್ಕ ಅದು ಬಿದ್ದ ಜಾಗ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೀನೆಲ್ಲಿ ಮಾಡ್ದೆ? ನಾನಲ್ವಾ ಮಾಡಿದ್ದು!"

ಬಿದ್ದ ಕಾಳು ಹೆಕ್ಕಲು ಬಗ್ಗಿದವನು ಅವಳತ್ತ ತಿರುಗಿದೆ.

"ಅವತ್ತು ನೀನು ಗೂಡಲ್ಲಿಟ್ಟು ಮಲಗಿದ್ಯಲ್ಲ, ಬೆಳಗ್ಗೆ ಒಲೆ ಹಚ್ಚೋಕೆ ಎದ್ದೋಳು ಬದಲಾಯಿಸ್ಬುಟ್ಟೆ. ಅವ್ವ ಅರಿಶಿನ ಹಚ್ಚಿದ ಮೇಲೆ ಯಾರೂ ಬಿಚ್ಚಲ್ಲ ಅಂತ ಗೊತ್ತಿತ್ತು."

"ಯಾಕೆ? ಗಂಡು ಇಷ್ಟ ಇರಲಿಲ್ವಾ?"

"ಗಂಡನ್ನ ನಾನೆಲ್ಲಿ ನೋಡಿದ್ದೆ ಮಾರಾಯ? ಹುಡುಗಿ ಬೆಳ್ಳಗವಳಾ ಅಂತ ಮೂರು ಸಲ ಹೇಳಿಕಳಿಸಿದ್ರು. ಪೌಡರ್ ಬಳ್ಕೊಂಡು ಕೂತೋಳನ್ನ ನೋಡಿ ಒಪ್ಪಿದ್ರೆ ನಾನು ಜನ್ಮವೆಲ್ಲ ಪೌಡರ್ ಬಳ್ಕೊಂಡೇ ಕೂರ್ಬೇಕಿತ್ತು. ಕಣದಾಗಿನ ಇವಳನ್ನ ನೋಡಿ ಒಪ್ಪೋ ಹಂಗಿದ್ರೆ ಒಪ್ಲಿ, ಇಲ್ದಿದ್ರೆ ಬಿಡ್ಲಿ ಅಂದ್ಕಂಡೆ. ಬಿಟ್ರು." ಒಂದು ಕಾಳು ಹಿತುಕಿ ಪಾತ್ರೆಗೆ ಹಾಕಿದಳು. "ಒಳ್ಳೇದೇ ಆಯ್ತು. ಇವರು ನನ್ನ ನೋಡಿದ್ದು ಗದ್ದೆ ನಾಟಿಯಾಗೆ. ಮೊಣಕಾಲ ಮಟ ಕೆಸರಿತ್ತು. ನೋಡಿಯೇ ಒಪ್ಪಿದ್ರು."

"ಇಪ್ಪತ್ತೇಳು ವರ್ಷ ನನಗೆ ಹೇಳ್ಲೇ ಇಲ್ವಲ್ಲ ನೀನು!"

"ನೀನು ಕೇಳಿದ್ಯಾ?"

ನಾನು ಗೋಡೆಗೆ ಒರಗಿದೆ. ಬೆನ್ನ ಮೇಲಿನ ಮೂಟೆ ಇಳಿಸಿದ ಹಮಾಲಿಗೆ ಮೊದಲು ಮೈ ತೂರಾಡುತ್ತದಂತೆ, ಹಾಗಾಯಿತು. ಅಯ್ಯೋ, ನಾನಲ್ಲ! ಹುಲ್ಲಿನ ಹೊರೆ ನನ್ನಿಂದಲ್ಲ, ಎಮ್ಮೆ ನನ್ನಿಂದಲ್ಲ, ದೊಡ್ಡಮ್ಮ ಊಟ ಬಿಟ್ಟದ್ದೂ ನನ್ನಿಂದಲ್ಲ. ಸಮಾಧಾನವೆಂದರೆ ಇದೇ ಇರಬೇಕು ಎನ್ನಿಸಿ ಕಣ್ಣು ಮಂಜಾಯಿತು. ನಿಜ ಹೇಳುವುದಾದರೆ ಅದರ ಹಿಂದೆಯೇ ಚೂರು ಬೇಜಾರೂ ಆಯಿತು. ಒಬ್ಬಳ ಹಣೆಬರಹವನ್ನೇ ತಿರುಗಿಸಿದೆನೆಂದು ಇಷ್ಟು ಕಾಲ ಕೊರಗಿದ್ದವನು, ಆ ನಾಟಕದಲ್ಲಿ ನನಗೆ ಪಾತ್ರವೇ ಇರಲಿಲ್ಲವೆಂದರೆ? ಪಾಪಪ್ರಜ್ಞೆಯಲ್ಲೂ ಒಂದು ಜಂಬ ಇರುತ್ತದೆ, ನೋಡಿ.

ಸುಮಿತ್ರಕ್ಕ ಕೈ ಒರೆಸಿಕೊಂಡು ಒಳಗೆ ಹೋಗಿ ಬೀರುವಿನಿಂದ ಒಂದು ಕಂದು ಕವರು ತಂದಳು. ಮೂಲೆಗಳಲ್ಲಿ ಅರಿಶಿನ ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. "ನಿಂಗೇಗೌಡ ಮಾವ ವಾಪಸು ತಂದಾಗ ಗೇಟಿನ ಹತ್ರ ನಾನೇ ಇದ್ದೆ. ಅವ್ವನ ಕೈಗೆ ಸಿಗೋಕೆ ಬಿಡ್ಲಿಲ್ಲ."

ಫೋಟೋ ತೆಗೆದು ನೋಡಿದೆ. ಅಂಗಿ, ಟವೆಲ್, ಏರಿದ ಹುಬ್ಬು, ತೆರೆದ ಬಾಯಿ. ಮೂಗಿನ ನೆರಳು ಈಗಲೂ ಕೆನ್ನೆಯ ಮೇಲೆ ಓರೆಗೆ ಬಿದ್ದಿತ್ತು. ಆ ಬುಧವಾರ ಸಂಜೆ ನಾನು ಕಂಡದ್ದು ಆ ನೆರಳನ್ನಷ್ಟೇ. ಈಗ ಅದನ್ನು ಬಿಟ್ಟು ಮೇಲೆ ನೋಡಿದೆ. ಕರು ಇದ್ದದ್ದು ಎಡಕ್ಕೆ, ಅದರ ಬಾಲ ಅಂಚಿನಲ್ಲಿದೆ. ಸುಮಿತ್ರಕ್ಕನ ಕಣ್ಣು ಕರುವಿನ ಕಡೆಗಿಲ್ಲ. ನೇರವಾಗಿ ಹುಲ್ಲಿನ ಮೆದೆಯ ಕಡೆಗಿದೆ, ನನ್ನ ಕಡೆಗೆ.

"ನಿನಗೆ ಗೊತ್ತಿತ್ತಾ?"

"ಮೆದೆ ಹಿಂದೆ ಕೂತು ಅರ್ಧ ಗಂಟೆಯಿಂದ ಸೀನ್ತಾ ಇದ್ದೆ ನೀನು. ಊರಿಗೇ ಗೊತ್ತಿತ್ತು. ಪಾಪ, ಕಲೀಲಿ ಅಂತ ಬಿಸಿಲ ಕಡೆ ತಿರುಗಿ ನಿಂತ್ಕಂಡೆ. ಎರಡೇ ಉಳಿದವೆ ಅಂತ ಬೆಳಗ್ಗೆ ನೀನೇ ಲೆಕ್ಕ ಹೇಳಿರ್ಲಿಲ್ವಾ?"

ನಂಜುಂಡಪ್ಪನವರು ನೋಡಲು ಹೇಳಿದ್ದು ಇದನ್ನು. ಕದ್ದು ಹಿಡಿದೆನೆಂದು ನಾನು ಬೀಗಿದ್ದ ಫೋಟೋ, ಅವಳು ನನಗೆ ಕೊಟ್ಟದ್ದು. ಹೋಗಿ ಹೇಳೋಣವೆಂದರೆ ಅವರು ತೀರಿಹೋಗಿ ವರ್ಷಗಳಾದವು. ಸ್ಟುಡಿಯೋ ಇದ್ದ ಕಡೆ ಈಗ ಮೊಬೈಲ್ ಕವರು ಮಾರುತ್ತಾರೆ. ಆದರೂ ಆ ಜಗಲಿಯಲ್ಲಿ ಕೂತೇ ಮನಸ್ಸಿನಲ್ಲಿ ಹೇಳಿದೆ: ನೋಡಿದೆ ಸರ್, ತಡವಾಯ್ತು.

ಅಷ್ಟರಲ್ಲಿ ಚೈತ್ರ ಪೇಪರಿನ ಕಟ್ಟು, ಕೆಂಪು ಪೆನ್ನು ಹಿಡಿದೇ ಹೊರಗೆ ಬಂದಳು. ತಿದ್ದುವುದು ಇನ್ನೂ ಮುಗಿದಿರಲಿಲ್ಲ.

"ಮಾವ, ಎಲ್ಲಿ ನಿಂತ್ಕೊಳ್ಳಲಿ?"

"ನೀನೇ ಹೇಳವ್ವ."

ಅವಳು ಮೆಟ್ಟಿಲ ಮೇಲೆ ಕೂತು ಪೇಪರುಗಳನ್ನು ತೊಡೆಯ ಮೇಲಿಟ್ಟುಕೊಂಡಳು. ತನ್ನ ಫೋನು ನನ್ನ ಕೈಗೆ ಕೊಟ್ಟು, ಕನ್ನಡಕ ಮುಟ್ಟಿ ನೋಡಿದಳು. "ಇದನ್ನ ತೆಗೀಲಾ? ತೆಗೆದ್ರೆ ಒಳ್ಳೇದು ಅಂತಾರೆ ಎಲ್ಲಾರೂ."

"ತೆಗೆದ್ರೆ ನಿನಗೆ ಕಾಣುತ್ತಾ?"

"ಎದುರಿಗಿರೋರೇ ಕಾಣಲ್ಲ."

"ಹಂಗಾದ್ರೆ ಇರ್ಲಿ."

ಹಳೇ ಚಾಳಿ, ಕಣ್ಣು ತಾನಾಗಿ ಮೂಗಿನ ಕಡೆ ಹೋಯಿತು. ನೆರಳು ತುಟಿಯ ಅಂಚಿಗೆ ತಾಗಿತ್ತು. ನಂಜುಂಡಪ್ಪನವರಿದ್ದರೆ ಮೀಸೆ ಎನ್ನುತ್ತಿದ್ದರು. ಸ್ವಲ್ಪ ಎಡಕ್ಕೆ ತಿರುಗು ಎನ್ನಲು ಬಾಯಿ ತೆರೆದವನು ಅವಳ ಕಣ್ಣು ನೋಡಿದೆ. ಕನ್ನಡಕದ ಹಿಂದಿನಿಂದ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ, ನಗು ತಡೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಸುಮ್ಮನೆ ಒತ್ತಿದೆ.

ಸರಿಯಾಗಿ ಬಂದಿದೆಯೋ ನೋಡೋಣವೆಂದು ಫೋನನ್ನು ಹತ್ತಿರ ತರುವಷ್ಟರಲ್ಲಿ ಅವಳು ಎದ್ದು ಬಂದು ಇಸಿದುಕೊಂಡಳು. ಒಂದು ಸಲ ನೋಡಿದಳು. ಬೆರಳು ಎರಡು ಸಲ ಆಡಿತು.

"ಕಳಿಸ್ಬುಟ್ಟೆ ಮಾವ."

"ಅಯ್ಯೋ, ತಾಳಬಾರ್ದಿತ್ತಾ? ನಾನು ಒಂದ್ಸಲ ನೋಡಿ..."

"ನಾನು ನೋಡಿದ್ನಲ್ಲ" ಎಂದು ಮತ್ತೆ ಪೇಪರು ತಿದ್ದಲು ಕೂತಳು. ಸುಮಿತ್ರಕ್ಕ ತಲೆಯೆತ್ತದೆ ಅವರೆಕಾಳು ಹಿತುಕುತ್ತ ನಗುತ್ತಿದ್ದಳು.

ಸಂಜೆ ಹಿತಕವರೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಾಸನಕ್ಕೆ ವಾಪಸಾದೆ. ಮಹಡಿ ಮನೆಯ ಮುಂದೆ ಬಸ್ಸು ನಿಧಾನವಾದಾಗ ಮೊದಲ ಬಾರಿಗೆ ಅದನ್ನು ನೇರವಾಗಿ ನೋಡಿದೆ. ನಾನು ಅಂದುಕೊಂಡಷ್ಟು ದೊಡ್ಡದೇನೂ ಅಲ್ಲ.

ಮನೆ ತಲುಪುವ ಹೊತ್ತಿಗೆ ಹಲ್ಲು ಜೋರಾಗಿಯೇ ನೋಯುತ್ತಿತ್ತು. ಅಡುಗೆಮನೆಗೆ ಹೋಗಿ ಕಪ್ಪು ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ರೀಲಿನ ಹುಳಿ ವಾಸನೆಗೆಂದು ಇನ್ನೊಂದು ಸಲ ಉಸಿರೆಳೆದು ನೋಡಿದೆ. ಬರೀ ಲವಂಗ.

"ನಾಳೆ ಡಾಕ್ಟರ ಹತ್ತಿರ ಹೋಗ್ತೀನಿ" ಎಂದು ಹೆಂಡತಿಗೆ ಹೇಳಿದೆ.